ಎರಡು ಅಳತೆ

ಲಿಮೋಜ್‌ನ ಒಪೆರಾ ಮಂದಿರದಲ್ಲಿ ಮೂವತ್ತೊಂದು ವರ್ಷ
ಬಟ್ಟೆ ಹೊಲಿದವಳು ನಾನು.
ಬೇರೆಯವರಿಗೆ ಎದೆಯ ಸುತ್ತಳತೆ ಒಂದೇ,
ಹಾಡುವವರಿಗೆ ಎರಡು:
ಉಸಿರು ತುಂಬಿದಾಗೊಂದು, ಬಿಟ್ಟಾಗೊಂದು.
ಫುಲ್ಕ್ರಾನ್ ಕಜಾಲೆಸನ ಚೀಟಿಯಲ್ಲಿ
ಎರಡರ ನಡುವೆ ಹನ್ನೊಂದು ಸೆಂಟಿಮೀಟರು.
ಟೇಪು ಜಾರಿರಬೇಕೆಂದು ಮತ್ತೆ ಅಳೆದೆ.
ಅವನು ನಕ್ಕ; ಹನ್ನೆರಡಾಯಿತು.

ಅಪ್ಪ ಆಲ್ಬಿಯ ಗಾಜಿನ ಕಾರ್ಖಾನೆಯಲ್ಲಿ
ಕೊಳವೆ ಊದುವವನು.
ಕುಲುಮೆಯ ಬಾಯಿಂದ ಕೆಂಪು ಮುದ್ದೆಯೆತ್ತಿ
ಊದಿ, ತಿರುಗಿಸಿ, ಊದಿ
ಅದರೊಳಗೆ ತನ್ನದೊಂದಿಷ್ಟು ಖಾಲಿಯನ್ನು ಕೂರಿಸಿ
ಬಾಟಲಿಯೆಂದು ಕೊಡುತ್ತಿದ್ದ ಜಗತ್ತಿಗೆ.
ನಲವತ್ತಕ್ಕೇ ಕೆನ್ನೆ ಜೋತಿದ್ದವು, ಹಳೇ ಚೀಲದ ಹಾಗೆ.
"ಜೋರಾಗಿ ಊದಿದರೆ ಒಡೆಯುತ್ತದೆ" ಎಂದಿದ್ದನಂತೆ ಮಗನಿಗೆ,
"ಮೆಲ್ಲಗೆ ಊದಿದರೆ ಹುಟ್ಟುವುದೇ ಇಲ್ಲ."
ಉಳಿದ ಪಾಠಗಳಿಗೆಲ್ಲ ದುಡ್ಡು ತೆರಬೇಕಾಯಿತು.

ತುಲೂಜ್‌ನಲ್ಲಿ ಮದಾಮ್ ಬ್ರಸಾಕ್ ಗುರು.
ಕಿವಿ ಮಂದ; ಬೆರಳಿಗೆ ಕೇಳಿಸುತ್ತಿತ್ತು.
ಶಿಷ್ಯರ ಗಂಟಲ ಮೇಲಿಟ್ಟು ಸುಳ್ಳು ಹಿಡಿಯುವಳು.
ಮೊದಲ ಎಂಟು ತಿಂಗಳು ಹಾಡೇ ಇಲ್ಲ,
ನೆಲದ ಮೇಲೆ ಅಂಗಾತ, ಹೊಟ್ಟೆಯ ಮೇಲೆ ನಿಘಂಟು.
ನಿಘಂಟು ಏರಬೇಕು, ಇಳಿಯಬೇಕು, ನಡುಗಬಾರದು.
"ಭಾಷೆಯ ಅಷ್ಟೂ ಪದ ಹೊತ್ತಿದ್ದೆ" ಎನ್ನುವನು,
"ಒಂದನ್ನೂ ಆಡದೆ."

ತೆಂಕಣ ಸೀಮೆಯ ನಾಲಿಗೆ ಅವನದು,
ಪದದ ಬಾಲವನ್ನು ಎಳೆದೆಳೆದು ಬಿಡುವಂಥದ್ದು.
ಪ್ಯಾರಿಸ್ಸಿಗೆ ಸಲ್ಲದೆಂದು ಕತ್ತರಿಸಿದರು.
ಆಮೇಲೆ ಹಾಡಿಗೆ ಅದೇ ಬಾಲ ಬೇಕೆಂದು
ಮತ್ತೆ ಹೊಲಿದರು.
ನಾನಂತೂ ಇಂಥ ಕೆಲಸಕ್ಕೆ ಎರಡು ಕೂಲಿ ಕೇಳುತ್ತಿದ್ದೆ.

ಮೇಲಿನ ಸ್ವರಕ್ಕೆ ದಾರಿ ಎರಡಂತೆ:
ಎದೆಯಿಂದ ನುಗ್ಗಬಹುದು, ತಲೆಯಿಂದ ಇಳಿಯಬಹುದು.
ಮದಾಮ್ ಕಲಿಸಿದ್ದು ಇವೆರಡೂ ಕೂಡುವ ಜಾಗವನ್ನು.
ಅಲ್ಲೊಂದು ಹೊಲಿಗೆಯಿದೆ, ಯಾರಿಗೂ ಕಾಣಬಾರದು.
ಆರು ವರ್ಷ ಹಿಡಿಯಿತು ಆ ಒಂದು ಹೊಲಿಗೆಗೆ.

ಬೆಜಿಯೆಯಲ್ಲಿ ದೂತ. ರುವಾನಿನಲ್ಲಿ ಕುರುಬ, ಮೂರನೇ ಸೈನಿಕ.
"ಅರಸರೇ, ಕೋಟೆ ಬಿತ್ತು" ಎಂದು
ಒಂದೇ ಚಳಿಗಾಲದಲ್ಲಿ ನಲವತ್ತು ಸಲ ಹಾಡಿದ.
ಕೋಟೆ ಬೀಳುತ್ತಲೇ ಇತ್ತು, ಬಾಡಿಗೆ ಏರುತ್ತಲೇ ಇತ್ತು.
ಆಮೇಲೆ ನಮ್ಮೂರು. ನಾಯಕನಿಗೆ ಜ್ವರ.
ಮಧ್ಯಾಹ್ನ ಮೂರಕ್ಕೆ ತಿಳಿಯಿತು, ಎಂಟಕ್ಕೆ ತೆರೆ.
ನಾಯಕನ ಕೋಟನ್ನು ಬೆನ್ನಲ್ಲಿ ಸೀಳಿ, ಪಟ್ಟಿಯಿಟ್ಟು,
ಅವನು ಮೈಮೇಲೆ ಹಾಕಿಕೊಂಡಿದ್ದಾಗಲೇ ಹೊಲಿದೆ.
ಸೂಜಿ ತಾಗಿತೇನೋ, ಹೇಳಲಿಲ್ಲ.

ನಮ್ಮ ಮೇಲಟ್ಟದವರು ಪಿಂಗಾಣಿ ಕೆಲಸದವರು,
ತಟ್ಟೆಯನ್ನು ಉಗುರಿಂದ ಮೀಟಿ ಬಿರುಕು ಹುಡುಕುವವರು.
ಅವರ ಮುಂದೆ ಹಾಡುವುದೆಂದರೆ
ಮೀಟಿಸಿಕೊಳ್ಳುವುದು.
ಆ ರಾತ್ರಿ ಮೇಲಿನ ಸ್ವರ ಮೇಲೆಯೇ ನಿಂತಿತು, ತೆಳ್ಳಗೆ, ಕೆಂಪಗೆ,
ಇನ್ನೂ ಆರದ ಗಾಜಿನ ಹಾಗೆ.
ಪಕ್ಕದ ಪರದೆಯ ಸಂದಿಯಿಂದ ನಾನು ನೋಡಿದ್ದು
ನನ್ನ ಪಟ್ಟಿಯನ್ನು. ಬಿಚ್ಚಿರಲಿಲ್ಲ.

ಒಂಬತ್ತು ವರ್ಷ ನಾಯಕ.
ಹತ್ತನೆಯದರಲ್ಲಿ ಅದೇ ಅಟ್ಟ ಮೊದಲು ಕೇಳಿಸಿಕೊಂಡಿತು.
ಸಿಳ್ಳೆ ಹಾಕಲಿಲ್ಲ ಯಾರೂ.
ಒಬ್ಬ ಕೆಮ್ಮಿದ. ಅಷ್ಟೇ.
ಒಳಗೆ ಬಂದು ಕನ್ನಡಿಗೆ ಬೆನ್ನು ಹಾಕಿ ಕೂತು
"ಹೊಲಿಗೆ ಕಂಡಿತಾ?" ಎಂದ.
ನಾನು ಕಾಲರಿನ ಬೆವರು ಒರೆಸುತ್ತಿದ್ದೆ.

ರಂಗದ ಮುಂಚಿನಲ್ಲೊಂದು ಗೂಡಿದೆ, ಕುತ್ತಿಗೆವರೆಗೆ ಆಳ.
ಅದರಲ್ಲಿ ಕೂತು, ಮರೆತವರಿಗೆ ಸಾಲು ಹೇಳಿಕೊಡುವವನಿಗೆ
ನಮ್ಮ ಮಾತಿನಲ್ಲಿ ಊದುವವನೆಂದೇ ಹೆಸರು,
ಗಾಜಿನವನಿಗಿರುವ ಹೆಸರೇ.
ಕೆಲಸದ ಕಾಗದಕ್ಕೆ ರುಜು ಹಾಕುವಾಗ
ಆ ಪದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದ.
"ಅಪ್ಪನ ಪಿಂಚಣಿ ಮಾತ್ರ ಸಿಗುವುದಿಲ್ಲ" ಎಂದ ಕೊನೆಗೆ.

ಅಲ್ಲಿಂದ ಹದಿನೇಳು ವರ್ಷ
ಹುಡುಗರು ಮೇಲೆ ನಿಂತು ಬಾಯಿ ತೆರೆದರು,
ಪದ ಕೆಳಗಿನಿಂದ ಹೋಯಿತು.

ಕಡೆಯ ಸಲ ಅಳೆದದ್ದು ಗೂಡಿನ ಕುರ್ಚಿಯ ದಿಂಬಿಗೆ.
ಎದೆ ಬೇಕಿರಲಿಲ್ಲ.
ಅಭ್ಯಾಸಬಲ, ತೋಳೆತ್ತಿ ನಿಂತುಬಿಟ್ಟ;
ನಾನೂ ಟೇಪು ಸುತ್ತಿದೆ.
ತುಂಬು ಎಂದೆ. ಬಿಡು ಎಂದೆ.
ನಾಲ್ಕು ಸೆಂಟಿಮೀಟರು.
ಚೀಟಿಯಲ್ಲಿ ಐದು ಎಂದು ಬರೆದೆ.